ಎರೆನೆಲದ ಮಕ್ಕಳು, ಹಿಮದ ಇಳಿಜಾರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳ ಹೆಸರುಗಳನ್ನು ಹಿಮದ ಪ್ರಸ್ತಾಪದೊಡನೆ ಒಂದೇ ಉಸಿರಿನಲ್ಲಿ ಹೇಳಿದರೆ ಓದುಗರಿಗೆ ವಿಚಿತ್ರವೆನಿಸಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಕಾಲು ಸಿಕ್ಕಿಬೀಳುವಷ್ಟು ಅಗಲಕ್ಕೆ ಬಾಯ್ದೆರೆಯುವ ಎರೆಭೂಮಿ, ಬಿಳಿಜೋಳ, ತೊಗರಿ, ನಿಂಬೆ, ದ್ರಾಕ್ಷಿ ಇಲ್ಲಿನ ಪರಿಚಿತ ಚಿತ್ರಗಳು. ಆಕಾಶದಿಂದ ಬೀಳುವ ಮಂಜುಗಡ್ಡೆಯೆಂದರೆ ಇಲ್ಲಿಯವರಿಗೆ ಗೊತ್ತಿರುವುದು ಆಲಿಕಲ್ಲು ಮಾತ್ರ. 2014ರ ಫೆಬ್ರುವರಿ–ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಜಿಲ್ಲೆಗಳ ಮೇಲೆ ಸುರಿದ ಆಲಿಕಲ್ಲು ಮಳೆ ಹಣ್ಣಿಗೆ ಬಂದ ತೋಟಗಳನ್ನೂ ಕಟಾವಿಗೆ ನಿಂತ ಪೈರನ್ನೂ ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಮಲಗಿಸಿದ್ದು ಇನ್ನೂ ಜನರ ನೆನಪಿನಲ್ಲಿದೆ. ಆದರೆ ನಾನಿಲ್ಲಿ ಹೇಳಹೊರಟಿರುವುದು ಆ ಮಂಜುಗಡ್ಡೆಯ ವಿಚಾರವನ್ನಲ್ಲ.

ಕಂದಾಯ ಇಲಾಖೆಯ ಅಧಿಕಾರಿಯಾಗಿ ಈ ತಾಲ್ಲೂಕುಗಳಲ್ಲಿ ತಿರುಗಾಡಿದ ವರ್ಷಗಳಲ್ಲಿ ನನಗೆ ಹಿಮದ ಬಗ್ಗೆ ಮೊದಲ ಪಾಠ ಹೇಳಿದವರು ಒಬ್ಬ ಮಾಜಿ ಹವಾಲ್ದಾರರು. ಮಾಜಿ ಸೈನಿಕರ ಕೋಟಾದಡಿ ಜಮೀನು ಮಂಜೂರಾತಿಗೆ ಅರ್ಜಿ ಹಿಡಿದು ಬಂದಿದ್ದ ಸಿಂದಗಿ ಕಡೆಯವರು. ಸಿಯಾಚಿನ್‌ನಲ್ಲಿ ಒಂದು ಅವಧಿ ಕಳೆದಿದ್ದರು. ಶತ್ರುಗಳ ಗುಂಡಿನ ಭಯ ಹೇಗಿರುತ್ತಿತ್ತು ಎಂದು ಕುತೂಹಲಕ್ಕೆ ಕೇಳಿದೆ. ‘ಗುಂಡಿಗೇನ್ ಅಂಜತಿದ್ದಿಲ್ರೀ ಸಾಹೇಬ್ರ, ಬಿಸಲಿಗೆ ಅಂಜತಿದ್ವಿ’ ಎಂದರು. ಬಿಸಿಲಿನ ನಾಡಿನಲ್ಲಿಯೇ ಹುಟ್ಟಿ ಬೆಳೆದವರೊಬ್ಬರು ಬಿಸಿಲಿಗೆ ಹೆದರುವುದೆಂದರೇನು? ಅವರೇ ವಿವರಿಸಿದರು. ರಾತ್ರಿಯೆಲ್ಲ ಹಿಮ ಸುರಿದು ಬೆಳಿಗ್ಗೆ ಆಕಾಶ ತಿಳಿಯಾಗಿ ಬಿಸಿಲು ಬಿದ್ದರೆ ಹೊಸಬರು ಖುಷಿಪಡುತ್ತಾರೆ, ಹಳಬರು ಸುಮ್ಮನಾಗುತ್ತಾರೆ. ಅಂಥ ದಿನ ಮೇಲಿನ ಇಳಿಜಾರು ಯಾವ ಗಳಿಗೆಯಲ್ಲಾದರೂ ಕಳಚಿಕೊಳ್ಳಬಹುದು. ಅರ್ಜಿಯ ವಿಚಾರಣೆ ಐದು ನಿಮಿಷದಲ್ಲಿ ಮುಗಿದಿತ್ತು; ಅವರು ಎದ್ದು ಹೋದಾಗ ಮಧ್ಯಾಹ್ನವಾಗಿತ್ತು.

ಈ ಭಾಗದಲ್ಲಿ ಸೈನಿಕರು ಅಪರೂಪವೇನಲ್ಲ. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆಯಿಂದ ಅಧಿಕಾರಿಗಳಾಗಿ ಹೋದವರು ಒಂದೆಡೆಯಾದರೆ, ಒಣಬೇಸಾಯದ ನಾಲ್ಕೆಕರೆಯನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಸಿಪಾಯಿಗಳಾಗಿ ಸೇರಿದವರು ಇನ್ನೊಂದೆಡೆ. ಮಳೆ ಕೈಕೊಟ್ಟ ವರ್ಷ ಗೋವಾ, ಮಹಾರಾಷ್ಟ್ರಗಳಿಗೆ ದುಡಿಯಲು ಹೋಗುವ ಮನೆಯಲ್ಲಿ ತಿಂಗಳು ತಿಂಗಳು ಬರುವ ಸಂಬಳಕ್ಕೆ ಇರುವ ಬೆಲೆಯನ್ನು ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಸರಿಯಾಗಿ ಹೇಳುವುದಿಲ್ಲ.

ಕನ್ನಡಿಗರಿಗೆಲ್ಲ ಹಿಮಕುಸಿತವೆಂಬುದು ಮನೆಯ ಮಾತಾದದ್ದು 2016ರ ಫೆಬ್ರುವರಿಯಲ್ಲಿ. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಠಾಣೆಯಲ್ಲಿದ್ದ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ನಮ್ಮವರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಬದುಕುಳಿದವರು ಸಿಗುವ ಸಾಧ್ಯತೆ ತೀರ ಕ್ಷೀಣವೆಂದು ಸೇನೆಯೇ ಹೇಳಿಯಾಗಿತ್ತು. ಆದರೂ ನೂರೈವತ್ತಕ್ಕೂ ಹೆಚ್ಚು ಯೋಧರು, ಹಿಮದೊಳಗನ್ನು ಇಣುಕಿ ನೋಡಬಲ್ಲ ರಾಡಾರ್, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು – ಎಲ್ಲವೂ ಸೇರಿ ಆ ಎತ್ತರದಲ್ಲಿ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ರಾತ್ರಿಗಳಲ್ಲಿ, ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಕೊರೆದವು. 8ರ ರಾತ್ರಿ ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತವಾಗಿ ದೊರೆತರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ಕೊನೆಯುಸಿರೆಳೆದರು. ಅವರಿಗೆ ಮೂವತ್ಮೂರು ವರ್ಷ. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಠಿಣ ಪ್ರದೇಶಗಳಲ್ಲೇ ಕಳೆದಿದ್ದರು.

ಆ ದಿನಗಳ ಕನ್ನಡ ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ ಬಳಕೆಯಾದ ಪದ ‘ಹಿಮಪಾತ’. ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಕುಸಿದರೂ ಹಿಮಪಾತ. ಇದು ಪದಗಳ ಬಗೆಗಿನ ಮಡಿವಂತಿಕೆಯ ಮಾತಲ್ಲ. ಮೊದಲನೆಯದು ಹವಾಮಾನ, ಎರಡನೆಯದು ಆ ಹವಾಮಾನ ನೆಲದ ಮೇಲೆ ಬಿಟ್ಟುಹೋದ ಸಾಲದ ವಸೂಲಿ. ಮಳೆಗೂ ನೆರೆಗೂ ಒಂದೇ ಪದವಿದ್ದಿದ್ದರೆ ನದೀತೀರದ ಹಳ್ಳಿಗಳಿಗೆ ನಾವು ಎಚ್ಚರಿಕೆಯನ್ನು ಹೇಗೆ ಕಳುಹಿಸುತ್ತಿದ್ದೆವು? ಈ ಲೇಖನದಲ್ಲಿ ಎರಡನೆಯದಕ್ಕೆ ಹಿಮಕುಸಿತ ಎಂದೇ ಬಳಸುತ್ತೇನೆ.

ಹಿಮ ಏಕೆ ಕುಸಿಯುತ್ತದೆ ಎಂಬುದನ್ನು ಅರಿಯಲು ಎರೆನೆಲದವರಿಗೆ ಕಷ್ಟವಾಗಬೇಕಿಲ್ಲ. ಕಣದಲ್ಲಿ ಜೋಳದ ರಾಶಿ ಸುರಿಯುವವರಿಗೆ ಗೊತ್ತು: ರಾಶಿಯ ಮಗ್ಗುಲು ಒಂದು ಮಟ್ಟದವರೆಗೆ ಏರುತ್ತದೆ, ಆಮೇಲೆ ಸುರಿದದ್ದೆಲ್ಲ ಜಾರುತ್ತದೆ. ಹಿಮಕ್ಕೂ ಇಂಥದೊಂದು ಮಿತಿಯುಂಟು. ತೀರ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದೇ ಇಲ್ಲ, ಬಿದ್ದಂತೆಲ್ಲ ಉದುರುತ್ತದೆ. ತೀರ ಸಪಾಟಾದ ಕಡೆ ಜಾರುವುದಿಲ್ಲ. ಅಪಾಯವಿರುವುದು ನಡುವಿನ ಇಳಿಜಾರಿನಲ್ಲಿ, ಸರಿಸುಮಾರು 30ರಿಂದ 45 ಡಿಗ್ರಿಯಲ್ಲಿ. ನಡೆಯುವವನ ಕಣ್ಣಿಗೆ ಹಿತವಾಗಿ ಕಾಣುವುದೂ ಅದೇ ಇಳಿಜಾರು.

ಜೋಳದ ರಾಶಿಗೂ ಹಿಮಕ್ಕೂ ಒಂದು ವ್ಯತ್ಯಾಸವಿದೆ, ಎಲ್ಲ ಅನಾಹುತವೂ ಆ ವ್ಯತ್ಯಾಸದಲ್ಲಿಯೇ ಅಡಗಿದೆ. ಹಿಮವು ಪದರ ಪದರವಾಗಿ ಕೂಡುತ್ತದೆ. ಚಳಿಗಾಲದ ಆರಂಭದಲ್ಲಿ ಬಿದ್ದ ತೆಳು ಹಿಮದ ಕೆಳಗೆ ನೆಲ ತುಸು ಬೆಚ್ಚಗಿರುತ್ತದೆ, ಮೇಲೆ ಗಾಳಿ ಕೊರೆಯುತ್ತಿರುತ್ತದೆ. ಈ ಏರುಪೇರಿನಿಂದಾಗಿ ಒಳಗಿನ ಹಿಮವು ಒಂದಕ್ಕೊಂದು ಅಂಟಿಕೊಳ್ಳದ ಹರಳುಗಳಾಗಿ, ಸಕ್ಕರೆಯಂತೆ ಬಿಡಿಬಿಡಿಯಾಗಿ ಮಾರ್ಪಡುತ್ತದೆ. ಅದರ ಮೇಲೆ ಜನವರಿ–ಫೆಬ್ರುವರಿಯ ಭಾರೀ ಹಿಮ ಬೀಳುತ್ತದೆ. ಗಾಳಿಯು ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಹೊತ್ತು ತಂದು ಇನ್ನೊಂದು ಮಗ್ಗುಲಿನಲ್ಲಿ ಒತ್ತಾಗಿ ಪೇರಿಸುತ್ತದೆ. ಮೇಲೆ ಗಟ್ಟಿ ಹಲಗೆ, ಕೆಳಗೆ ಸಡಿಲ ರವೆ. ಹೆಚ್ಚಿನ ಭಾರ ಬಿದ್ದರೆ, ಬಿಸಿಲು ತಾಕಿದರೆ, ಕೆಲವೊಮ್ಮೆ ಒಬ್ಬ ಮನುಷ್ಯ ಕಾಲಿಟ್ಟರೂ ಸಾಕು, ಒಳಗಿನ ಸಡಿಲ ಪದರ ಮುರಿಯುತ್ತದೆ. ಆ ಬಿರುಕು ಕ್ಷಣಾರ್ಧದಲ್ಲಿ ಇಳಿಜಾರಿನುದ್ದಕ್ಕೂ ಓಡಿ ಇಡೀ ಹಲಗೆ ಕಳಚಿಕೊಳ್ಳುತ್ತದೆ. ಪರ್ವತ ಸಂಚಾರಿಗಳನ್ನು ನುಂಗುವ ಇಂಥ ಕುಸಿತಗಳಲ್ಲಿ ಹೆಚ್ಚಿನವನ್ನು ಆರಂಭಿಸಿದವರು ಆ ಸಂಚಾರಿಗಳು ಅಥವಾ ಅವರ ಜೊತೆಗಾರರೇ ಎಂಬುದು ಯುರೋಪ್ ಮತ್ತು ಅಮೆರಿಕದ ದೀರ್ಘ ಕಾಲದ ದಾಖಲೆಗಳಿಂದ ಸ್ಪಷ್ಟವಾಗಿದೆ. ಕಾಲ ಕೆಳಗೆ ‘ಧಡ್’ ಎಂಬ ಟೊಳ್ಳು ಸದ್ದು, ಹೆಜ್ಜೆಯಿಂದ ಮುಂದಕ್ಕೆ ಓಡುವ ಸೀಳು, ಪಕ್ಕದ ಇಳಿಜಾರಿನಲ್ಲಿ ಹೊಸದಾಗಿ ಜಾರಿದ ಹಿಮದ ಗುರುತು – ಹಿಮ ಕೊಡುವ ಮುನ್ಸೂಚನೆಗಳು ಇಷ್ಟೇ. ಓದಲು ಬಲ್ಲವರಿಗೆ ಇಷ್ಟು ಸಾಕು.

ಹೂತುಹೋದವರು ಚಳಿಯಿಂದ ಸಾಯುತ್ತಾರೆ ಎಂದೇ ನಾವು ಬಯಲುನಾಡಿನವರು ಭಾವಿಸಿರುತ್ತೇವೆ. ವಾಸ್ತವವಾಗಿ ಹೆಚ್ಚಿನವರು ಸಾಯುವುದು ಉಸಿರುಗಟ್ಟಿ. ಇದನ್ನು ತಿಳಿಯಲು ಹಗೇವನ್ನು ನೆನೆಯಬೇಕು. ಹಿಂದೆ ನಮ್ಮ ಕಡೆ ಜೋಳವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಬಾಯಿ ತೆರೆದೊಡನೆ ಒಳಗಿಳಿಯುವ ಹಾಗಿಲ್ಲ; ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅವಸರಪಟ್ಟವರು ಅಲ್ಲಿಯೇ ಕುಸಿದು ಸತ್ತದ್ದುಂಟು. ಹಿಮದೊಳಗೂ ಹಾಗೆಯೇ. ಹಿಮದಲ್ಲಿ ಗಾಳಿಯೇನೋ ಇರುತ್ತದೆ. ಆದರೆ ಬಿಟ್ಟ ಉಸಿರು ಹೊರಹೋಗದೆ ಮುಖದ ಸುತ್ತಲೇ ಸೇರುತ್ತದೆ, ಅದರ ತೇವವು ಹಿಮವನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿ ಮುಖಕ್ಕೊಂದು ಮಂಜಿನ ಮುಚ್ಚಳ ಕಟ್ಟುತ್ತದೆ. 1994ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಂಕಿಅಂಶಗಳ ಪ್ರಕಾರ, ಕಾಲು ಗಂಟೆಯೊಳಗೆ ಅಗೆದು ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಮೂವತ್ತೈದು ನಿಮಿಷ ಕಳೆದರೆ ಹತ್ತರಲ್ಲಿ ಮೂವರು. ಆ ಕಾಲು ಗಂಟೆಯನ್ನೂ ಈಚಿನ ವಿಶ್ಲೇಷಣೆಗಳು ಹತ್ತು ನಿಮಿಷಕ್ಕೆ ಇಳಿಸಿವೆ. ಹನುಮಂತಪ್ಪನವರು ಆರು ದಿನ ಉಳಿದದ್ದಕ್ಕೆ ಅವರಿದ್ದ ಡೇರೆಯೊಳಗೆ ಉಳಿದುಕೊಂಡ ಗಾಳಿಯ ಪೊಟರೆಯೇ ಕಾರಣವೆಂದು ಆಗ ಹೇಳಲಾಯಿತು. ಅಂಥದು ಎಲ್ಲರಿಗೂ ದೊರೆಯುವುದಿಲ್ಲ. ಹತ್ತು ನಿಮಿಷದಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಜಿಲ್ಲಾಡಳಿತವೂ ಬರುವುದಿಲ್ಲ. ಬದುಕಿಸಬಲ್ಲವರು ಜೊತೆಯಲ್ಲಿ ನಡೆಯುತ್ತಿದ್ದವರು ಮಾತ್ರ, ಅದೂ ಅವರ ಬಳಿ ಹೂತವನ ಸಂಕೇತ ಹಿಡಿಯುವ ಸಾಧನ, ಚುಚ್ಚಿ ನೋಡುವ ಉದ್ದನೆಯ ಕೋಲು, ಸಲಿಕೆ – ಈ ಮೂರೂ ಇದ್ದರೆ.

ಹಿಮದ ಕೆಳಗೆ ಹೋಗುವವರೆಲ್ಲ ಒಂದೇ ಬಗೆಯವರಲ್ಲ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಗಮನಿಸಿದ್ದೇನೆ. ಕೆಲಸ ಎಷ್ಟು ಅಹಿತಕರವೋ ಕೂಲಿ ಅಷ್ಟು ಹೆಚ್ಚಬೇಕೆಂದು ಆ್ಯಡಂ ಸ್ಮಿತ್ 1776ರಲ್ಲಿಯೇ ಬರೆದ. ಸೈನಿಕನ ವಿಷಯದಲ್ಲಿ ಸರ್ಕಾರ ಇದನ್ನು ಒಪ್ಪಿಕೊಂಡಿದೆ. ಏಳನೇ ವೇತನ ಆಯೋಗದ ನಂತರ, 2017ರಲ್ಲಿ, ಸಿಯಾಚಿನ್ ಭತ್ಯೆಯನ್ನು ಜವಾನರಿಗೆ ತಿಂಗಳಿಗೆ 30,000 ರೂಪಾಯಿಗೂ ಅಧಿಕಾರಿಗಳಿಗೆ 42,500 ರೂಪಾಯಿಗೂ ಏರಿಸಲಾಯಿತು. ಒಂದೇ ಹಿಮ, ಎರಡು ಬೆಲೆ! ಅದಿರಲಿ. 1984ರ ಏಪ್ರಿಲ್‌ನಲ್ಲಿ ನಮ್ಮ ಸೇನೆ ಆ ನೀರ್ಗಲ್ಲಿನ ಮೇಲೆ ನೆಲೆಯೂರಿದಂದಿನಿಂದ 2015ರ ಅಂತ್ಯದವರೆಗೆ ಅಲ್ಲಿ 869 ಮಂದಿ ಪ್ರಾಣ ಕಳೆದುಕೊಂಡರೆಂದು ಸರ್ಕಾರ ಲೆಕ್ಕ ಕೊಟ್ಟಿತ್ತು. 2003ರ ನವೆಂಬರ್‌ನ ಕದನವಿರಾಮದ ನಂತರ ಅಲ್ಲಿ ಕೊಲ್ಲುತ್ತಿರುವುದು ಎತ್ತರ, ಚಳಿ ಮತ್ತು ಕುಸಿಯುವ ಹಿಮ. ಗಡಿಯ ಆಚೆಯೂ ಅಷ್ಟೆ: 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಒಂದು ಬೆಟಾಲಿಯನ್ನಿನ ಕೇಂದ್ರಸ್ಥಾನವೇ ಹೂತುಹೋಗಿ 140 ಮಂದಿ ಸತ್ತರು. ಹಿಮ ಯಾವ ಕಡೆಯ ಸಮವಸ್ತ್ರವನ್ನೂ ಗುರುತಿಸಲಿಲ್ಲ.

ಎರಡನೆಯವನು ಕೂಲಿಕಾರ. ಸೈನಿಕನಂತೆ ಇವನಿಗೆ ಭತ್ಯೆಯೂ ಇಲ್ಲ, ಬಿಗುಲೂ ಇಲ್ಲ. 2025ರ ಫೆಬ್ರುವರಿ 28ರ ಬೆಳಗಿನ ಜಾವ ಬದರಿನಾಥದ ಬಳಿಯ ಮಾಣಾ ಗ್ರಾಮದ ಹತ್ತಿರ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿದು 54 ಕಾರ್ಮಿಕರು ಸಿಕ್ಕಿಕೊಂಡರು. 46 ಮಂದಿಯನ್ನು ಕಾಪಾಡಲಾಯಿತು. ಎಂಟು ಮಂದಿ ಸತ್ತರು. ಉಳಿದವರಲ್ಲಿ ಅನೇಕರಿಗೆ ಅವರು ಮಲಗಿದ್ದ ಕಬ್ಬಿಣದ ಕಂಟೇನರುಗಳೇ ಆಸರೆಯಾದವು. ಗಮನಿಸಬೇಕಾದ ಸಂಗತಿ ಬೇರೆಯಿದೆ. ಹಿಂದಿನ ದಿನ ಸಂಜೆ ಐದು ಗಂಟೆಗೇ ಚಂಡೀಗಢದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯು ಚಮೋಲಿಯೂ ಸೇರಿದಂತೆ ಉತ್ತರಾಖಂಡದ ಐದು ಜಿಲ್ಲೆಗಳಲ್ಲಿ 2,400 ಮೀಟರಿಗೂ ಎತ್ತರದ ಪ್ರದೇಶಗಳಿಗೆ ಹಿಮಕುಸಿತದ ಎಚ್ಚರಿಕೆ ನೀಡಿತ್ತು. ಮಾಣಾ ಇರುವುದು 3,200 ಮೀಟರ್ ಎತ್ತರದಲ್ಲಿ. 1969ರಲ್ಲಿ ಮನಾಲಿಯಲ್ಲಿ ಆರಂಭವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆಯೇ 2020ರಲ್ಲಿ ಬೇರೊಂದು ಪ್ರಯೋಗಾಲಯದೊಡನೆ ವಿಲೀನಗೊಂಡು ಈ ಹೊಸ ಹೆಸರು ಪಡೆದಿದೆ. ಅರ್ಧ ಶತಮಾನದ ಪರಿಣತಿ ಅದಕ್ಕಿದೆ. ವಿಜ್ಞಾನ ತನ್ನ ಕೆಲಸ ಮಾಡಿತ್ತು. ಸಂಜೆಯ ಎಚ್ಚರಿಕೆಗೂ ಬೆಳಗಿನ ಜಾವದ ನಿದ್ದೆಗೂ ನಡುವೆ ಇದ್ದದ್ದು ಹನ್ನೆರಡು ಗಂಟೆಗಳ ಆಡಳಿತ. ಆ ಹನ್ನೆರಡು ಗಂಟೆಗಳ ಕಡತ ನೋಡುವ ಕುತೂಹಲ ನಿವೃತ್ತ ಅಧಿಕಾರಿಯೊಬ್ಬನಿಗೆ ಇದ್ದರೆ ಆಶ್ಚರ್ಯವಿಲ್ಲ.

ಮೂರನೆಯವರು ಹಣ ಪಡೆದು ಹೋಗುವವರಲ್ಲ, ಹಣ ಕೊಟ್ಟು ಹೋಗುವವರು. ಇವರ ಸಂಖ್ಯೆ ಬೆಂಗಳೂರಿನಲ್ಲಿ ಎಷ್ಟು ಬೆಳೆದಿದೆಯೆಂಬುದು ಈ ಪತ್ರಿಕೆಯ ಓದುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಉತ್ಸಾಹವನ್ನು ಹೀಗಳೆಯುವವನು ನಾನಲ್ಲ. ವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತವರು ಒಂದು ವಾರ ಬೆಟ್ಟ ಹತ್ತುವುದು ಒಳ್ಳೆಯದೇ. ಮುದ್ದೇಬಿಹಾಳ, ಬಾಗೇವಾಡಿಗಳಿಂದ ಇಂಜಿನಿಯರಿಂಗ್ ಓದಿ ಬಂದ ಹುಡುಗ ಹುಡುಗಿಯರೂ ಈಗ ಈ ತಂಡಗಳಲ್ಲಿದ್ದಾರೆ. ಆದರೆ 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ‘ದ್ರೌಪದಿ ಕಾ ಡಾಂಡಾ’ ಶಿಖರದಲ್ಲಿ ಸತ್ತವರು ಪ್ರವಾಸಿಗಳಲ್ಲ, ನೆಹರೂ ಪರ್ವತಾರೋಹಣ ಸಂಸ್ಥೆಯ ಉನ್ನತ ತರಬೇತಿಯಲ್ಲಿದ್ದವರು. 27 ಶವಗಳು ದೊರೆತವು, ಇಬ್ಬರು ಸಿಗಲೇ ಇಲ್ಲ. ಅದೇ ವರ್ಷ ಎವರೆಸ್ಟ್ ಏರಿ ಬಂದಿದ್ದ ಬೋಧಕಿ ಸವಿತಾ ಕನ್ಸವಾಲ್ ಕೂಡ ಮೃತರಲ್ಲಿದ್ದರು. ಕರ್ನಾಟಕದ ಇಬ್ಬರು ಶಿಬಿರಾರ್ಥಿಗಳೂ ಇದ್ದರು. ಕಲಿಸುವವರು, ಕಲಿಯುವವರು ಇಬ್ಬರನ್ನೂ ಹಿಮ ಒಟ್ಟಿಗೆ ಕೊಂಡೊಯ್ದದ್ದನ್ನು ನೋಡಿದರೆ, ಆನ್‌ಲೈನಿನಲ್ಲಿ ಕಂತು ಕಟ್ಟಿ ಹೊರಡುವವರ ಪಾಡೇನು?

2024ರ ಜೂನ್ ಮೊದಲ ವಾರದ ಸಹಸ್ರತಾಲ್ ದುರಂತವನ್ನು ಇದರೊಂದಿಗೆ ಬೆರೆಸಬಾರದು. ಬೆಂಗಳೂರಿನಿಂದ ಹೋದವರೇ ಹೆಚ್ಚಾಗಿದ್ದ, ಸ್ಥಳೀಯ ಮಾರ್ಗದರ್ಶಕರೂ ಸೇರಿ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ಅಸುನೀಗಿದರು. ಅಲ್ಲಿ ಹಿಮ ಕುಸಿಯಲಿಲ್ಲ. ಗಾಳಿ ಮತ್ತು ಚಳಿ ದೇಹದ ಶಾಖವನ್ನು ಹೀರಿಕೊಂಡವು. ಸತ್ತವರಲ್ಲಿ ನನ್ನ ವಯಸ್ಸಿನವರೂ ಇದ್ದರು, ಅನುಭವಸ್ಥ ಚಾರಣಿಗರೂ ಇದ್ದರು. ಕಂದಾಯ ಸಚಿವರು ಸ್ವತಃ ಡೆಹ್ರಾಡೂನಿಗೆ ಧಾವಿಸಿ ಉಳಿದವರನ್ನು ಕರೆತಂದದ್ದು ಶ್ಲಾಘನೀಯವೇ. ಆದರೆ ಒಂದು ರಾಜ್ಯದ ಸಚಿವರು ವಿಮಾನ ಹತ್ತಬೇಕಾಗಿ ಬಂದದ್ದು ಅದಕ್ಕಿಂತ ಮೊದಲು ಆಗಬೇಕಾದ ಸಣ್ಣಪುಟ್ಟ ಕೆಲಸಗಳು ಆಗಿರದ ಕಾರಣ ಎಂಬುದನ್ನೂ ಹೇಳಬೇಕಾಗುತ್ತದೆ.

ಆ ಸಣ್ಣಪುಟ್ಟ ಕೆಲಸಗಳನ್ನು ಮಾಡಲು ನಮಗೆ ಬಾರದೆಂದೇನಿಲ್ಲ. 1988ರಲ್ಲಿ ಬರಗಾಲದ ಉಸ್ತುವಾರಿಗೆಂದು ಹುಟ್ಟಿದ ಒಂದು ಪುಟ್ಟ ಘಟಕ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಹೊಂದಿದೆ. ಇಂಡಿ ತಾಲ್ಲೂಕಿನ ರೈತ ‘ವರುಣಮಿತ್ರ’ಕ್ಕೆ ದೂರವಾಣಿ ಮಾಡಿ ತನ್ನೂರಿನ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲಿ ಕೇಳುತ್ತಾನೆ, ಸಿಡಿಲಿನ ಎಚ್ಚರಿಕೆಗೂ ಒಂದು ಆ್ಯಪ್ ಇದೆ. ನನ್ನ ಸೇವೆಯ ಆರಂಭದಲ್ಲಿ ಆಲಿಕಲ್ಲು ಬಿದ್ದ ಮೂರು ದಿನಕ್ಕೆ ತಲಾಟಿಯ ವರದಿ ಕೈಸೇರುತ್ತಿದ್ದುದನ್ನು ಕಂಡ ನನಗೆ ಇದು ಸಣ್ಣ ಸಾಧನೆಯೆನಿಸುವುದಿಲ್ಲ. ಹಿಮಕುಸಿತದ ಪ್ರಕಟಣೆಯನ್ನು ಸ್ವಿಟ್ಜರ್ಲೆಂಡಿನ ದಾವೋಸ್ ಸಂಸ್ಥೆ 1945ರ ಚಳಿಗಾಲದಿಂದ ಸಾರ್ವಜನಿಕರಿಗೆ ನೀಡುತ್ತಿದೆ. ಅಲ್ಲಿ ಬೆಟ್ಟಕ್ಕೆ ಹೊರಡುವವರು ಅದನ್ನು ನೋಡುವುದು ನಾವು ರೈಲಿನ ವೇಳಾಪಟ್ಟಿ ನೋಡಿದಷ್ಟೇ ಸಹಜ. ನಮ್ಮಲ್ಲಿ ಪ್ರಕಟಣೆಯಿದೆ, ನೋಡುವ ಅಭ್ಯಾಸವಿಲ್ಲ.

ಸರ್ಕಾರ ಚಾರಣವನ್ನು ನಿಷೇಧಿಸಬೇಕೆಂದು ಸಹಸ್ರತಾಲ್ ನಂತರ ಕೆಲವರು ಹೇಳಿದರು. ನಿಷೇಧವು ಆಡಳಿತಕ್ಕೆ ಅತ್ಯಂತ ಸುಲಭವಾದ, ಅಷ್ಟೇ ನಿರುಪಯುಕ್ತವಾದ ಅಸ್ತ್ರ. ಬದಲಿಗೆ, ರಾಜ್ಯದಿಂದ ತಂಡಗಳನ್ನು ಕೊಂಡೊಯ್ಯುವ ಸಂಸ್ಥೆಗಳು ಹೊರಡುವ ಮುನ್ನ ಸದಸ್ಯರ ಪಟ್ಟಿ, ಮಾರ್ಗ ಮತ್ತು ಹಿಂದಿರುಗುವ ದಿನವನ್ನು ಒಂದೆಡೆ ದಾಖಲಿಸಲಿ. ಎತ್ತರದ ರಕ್ಷಣಾ ಕಾರ್ಯದ ವೆಚ್ಚವನ್ನು ಒಳಗೊಂಡ ವಿಮೆ ಕಡ್ಡಾಯವಾಗಲಿ. ವಿಮೆಯಿಂದ ಹಣಕ್ಕಿಂತ ದೊಡ್ಡದೊಂದು ಲಾಭವಿದೆ. ಅಪಾಯಕ್ಕೆ ಬೆಲೆ ಕಟ್ಟುವವರು ಬಂದೊಡನೆ ಅಪಾಯವನ್ನು ಅಳೆಯುವವರೂ ಬರುತ್ತಾರೆ. ಸಲಿಕೆಯಿಲ್ಲದ ತಂಡಕ್ಕೆ ಕಂತು ದುಬಾರಿಯಾದರೆ ಸಲಿಕೆ ತಾನಾಗಿಯೇ ಚೀಲ ಸೇರುತ್ತದೆ. ನಮ್ಮದೇ ಯುವಜನ ಸೇವಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ಚಳಿಗಾಲದ ಚಾರಣಕ್ಕೆ ಹೊರಡುವವರಿಗೆ ಎರಡು ದಿನದ ಪಾಠ ಅಲ್ಲಿ ನಡೆಯಬಹುದು. ಇಳಿಜಾರಿನ ಕೋನ ಅಳೆಯುವುದು, ಹೂತಿಟ್ಟ ಸಂಕೇತಸಾಧನವನ್ನು ಹತ್ತು ನಿಮಿಷದೊಳಗೆ ಹುಡುಕುವುದು, ಇವುಗಳ ಮೊದಲ ಅಭ್ಯಾಸಕ್ಕೆ ಹಿಮವೇ ಬೇಕೆಂದಿಲ್ಲ; ಮರಳಿನಲ್ಲಿಯೂ ಆದೀತು. ಕಲಿಸುವವರಿಗೆ ಕೊರತೆಯೂ ಇಲ್ಲ. ಸಿಂದಗಿ, ಇಂಡಿ, ಕುಂದಗೋಳ, ತೇಜೂರು, ಕೊಡಗು – ಎಲ್ಲೆಡೆ ಹಿಮದಲ್ಲಿ ವರ್ಷಗಟ್ಟಲೆ ಕಳೆದು ಬಂದ ಮಾಜಿ ಸೈನಿಕರು ಬ್ಯಾಂಕುಗಳ ಬಾಗಿಲಲ್ಲಿ ಕಾವಲಿಗೆ ನಿಂತಿದ್ದಾರೆ.

ಹಿಮಾಲಯ ಮೊದಲಿನಂತೆ ಉಳಿದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರ ಫೆಬ್ರುವರಿ 7ರಂದು ಚಮೋಲಿಯಲ್ಲಿ ರೋಂಟಿ ಶಿಖರದಿಂದ ಬಂಡೆ ಮತ್ತು ನೀರ್ಗಲ್ಲು ಸೇರಿ ಸುಮಾರು 2.7 ಕೋಟಿ ಘನ ಮೀಟರ್ ರಾಶಿ ಕಳಚಿ ಬಿದ್ದು, ಕೆಳಗಿನ ಎರಡು ಜಲವಿದ್ಯುತ್ ಯೋಜನೆಗಳನ್ನು ಕೊಚ್ಚಿ, ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕರಗುವ ನೀರ್ಗಲ್ಲು ಹಳೆಯ ಲೆಕ್ಕಗಳನ್ನೂ ಹೊರಹಾಕುತ್ತದೆ. 1984ರ ಮೇ ತಿಂಗಳಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಕಾಣೆಯಾದ ಕುಮಾಊಂ ರೆಜಿಮೆಂಟಿನ ಲ್ಯಾನ್ಸ್ ನಾಯಕ್ ಚಂದ್ರಶೇಖರ ಹರ್ಬೋಲಾ ಅವರ ದೇಹ 2022ರ ಆಗಸ್ಟ್‌ನಲ್ಲಿ, 38 ವರ್ಷಗಳ ಬಳಿಕ ಸಿಕ್ಕಿತು. ಅಂತ್ಯಕ್ರಿಯೆಗೆ ಹಲ್ದ್ವಾನಿಯ ಮನೆಯಲ್ಲಿ ಪತ್ನಿಯೂ ಬೆಳೆದ ಮಕ್ಕಳೂ ಕಾದಿದ್ದರು.

ಡಿಸೆಂಬರ್ ಬಂತೆಂದರೆ ಕೇದಾರಕಾಂತಕ್ಕೆ ಹೊರಡುವ ಹುಡುಗರ ಚೀಲಗಳು ಬೆಂಗಳೂರಿನ ರೈಲು, ವಿಮಾನ ನಿಲ್ದಾಣಗಳಲ್ಲಿ ಸಾಲುಗಟ್ಟುತ್ತವೆ. ಚಂಡೀಗಢದ ಸಂಸ್ಥೆ ನೀಡುವ ಎಚ್ಚರಿಕೆಯಲ್ಲಿ ಜಿಲ್ಲೆ, ಎತ್ತರ, ಅಪಾಯದ ಮಟ್ಟ ಇಷ್ಟೇ ಇರುತ್ತದೆ, ನಾಲ್ಕೈದು ಸಾಲು. ಇಂಡಿಯ ರೈತನಿಗೆ ಮಳೆಯ ಸುದ್ದಿ ಹೇಳುವ ಬೆಂಗಳೂರಿನ ಅದೇ ಕೇಂದ್ರ, ಚಳಿಗಾಲದ ನಾಲ್ಕು ತಿಂಗಳ ಮಟ್ಟಿಗೆ ಆ ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ ಹೆಸರು ನೋಂದಾಯಿಸಿದ ಚಾರಣಿಗರ ಮೊಬೈಲಿಗೆ ಅದೇ ಸಂಜೆ ಕಳುಹಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಅದರ ಕರಡನ್ನು ಯಾವ ಶಾಖಾಧಿಕಾರಿಯಾದರೂ ಒಂದು ಮಧ್ಯಾಹ್ನದಲ್ಲಿ ಬರೆದುಕೊಡಬಲ್ಲ.